ಬಡಿದು ನೋಡದೆ

ಪರೀಕ್ಷೆಯಲ್ಲಿ ಕೇಳಿದ್ದೆ:
ಶಹಾಬಾದಿನ ಫರಸಿ ಯಾವ ಬಗೆಯ ಶಿಲೆ? ಒಂದು ಅಂಕ.
ನಲವತ್ತೊಂದು ಮಕ್ಕಳು ಬರೆದರು, ಜಲಜ ಶಿಲೆ.
ಅವರಲ್ಲಿ ಒಂಬತ್ತು ಮಂದಿ ದೀರ್ಘ ಎಳೆದು
ಜಲಜಾ ಎಂದು ಹೆಣ್ಣುಮಗಳೊಬ್ಬಳ ಹೆಸರು ಮಾಡಿದ್ದರು.
ಅವರಿಗೂ ಅಂಕ ಕೊಟ್ಟೆ.
ಕಿಟಕಿ ಪಕ್ಕದ ಮಾಪಮ್ಮ ಮಾತ್ರ
'ಯಾವ ಫರಸಿ ಅಂತ ಹೇಳಿಲ್ಲ.
ಬಡಿದು ನೋಡದೆ ಹ್ಯಾಂಗ ಹೇಳಬೇಕು?'
ಸೊನ್ನೆ ಹಾಕಿದೆ.
ಕೆಂಪು, ದುಂಡಗೆ. ನನ್ನ ಕೈಬರಹ ಮೊದಲಿಂದಲೂ ಚೆಂದ.

ಆಮೇಲೊಂದು ಆದಿತ್ಯವಾರ
ಬಚ್ಚಲಿಗೆ ನಾಲ್ಕು ಕಲ್ಲು ಬೇಕಾಗಿ ಖಣಿಗೆ ಹೋದೆ.
ಮಾರ್ಚಿನ ಕೊನೆ; ಒಂಬತ್ತಕ್ಕೇ ಬಿಸಿಲು
ಮೇಲಿಂದ ಬೀಳದೆ ಕಲ್ಲಿನೊಳಗಿಂದ ಏಳುತ್ತಿತ್ತು.
ಸಿಮೆಂಟಿನ ಧೂಳು ಬೇವಿನ ಎಲೆಗಳನ್ನು
ಮುದಿ ಮಾಡಿಟ್ಟಿತ್ತು.

ಅವಳಪ್ಪ ಮೋನಪ್ಪ ಕುಕ್ಕುರುಗಾಲಲ್ಲಿ ಕೂತು
ಒಂದು ಫರಸಿ ಬಡಿದ. ಟಣ್.
ಇನ್ನೊಂದು ಬಡಿದ. ನನ್ನ ಕಿವಿಗೆ ಅದೂ ಟಣ್.
'ಇದು ಬ್ಯಾಡ್ರಿ ಟೀಚರ್ರ, ಒಳಗ ಬಾಯಿ ಬಿಟ್ಟದ.'
ಮಗಳಿಗೆ ಇದನ್ನೆಲ್ಲ ಹೇಗೆ ಕಲಿಸುತ್ತೀ, ಕೇಳಿದೆ.
'ಕಲಸೂದೇನದರಿ. ಸುತ್ತಿಗಿ ಕೈಯಾಗ ಕೊಡತೀನಿ,
ಬಾಯಿ ಮುಚಕೊಂಡು ಕೂಡತೀನಿ.
ಬಾಯಿ ಮುಚ್ಚೂದೇ ಕಠಿಣ.'
ತಪ್ಪಿದರೆ?
'ತಪ್ಪತದ. ನಂದೂ ತಪ್ಪತದರಿ.'
ಗದ್ದ ಎತ್ತಿ ಹಿಂದೆ ತೋರಿಸಿದ:
ಒಡೆದ ಚೂರುಗಳನ್ನೇ ಪೇರಿಸಿ ಕಟ್ಟಿದ ಮನೆ.
'ತಪ್ಪಿದ್ದೆಲ್ಲಾ ಗ್ವಾಡಿ ಆಗ್ಯಾವ.
ಅದರಾಗೇ ಮಲಗತೀವಿ.'

ಸುಮ್ಮನಿರಬಹುದಿತ್ತು. ಆದರೆ ನಮ್ಮದು
ಹೇಳದಿದ್ದರೆ ಉಂಡದ್ದು ಕರಗದ ಕುಲ.
'ಮೋನಪ್ಪಾ, ಇಲ್ಲೆಲ್ಲ ಸಮುದ್ರ ಇತ್ತು, ಗೊತ್ತಾ?
ಕೋಟಿ ಕೋಟಿ ವರ್ಷದ ಹಿಂದೆ.'
ಟ್ಯಾಂಕರಿಗಾಗಿ ಖಾಲಿ ಕೊಡಗಳು
ಸಾಲಾಗಿ ಕಾಯುತ್ತಿದ್ದ ಓಣಿಯ ಬಾಯಲ್ಲಿ ನಿಂತು ಹೇಳಿದೆ.

ಅವನು ನಗಲಿಲ್ಲ.
ಸುತ್ತಿಗೆ ಕೆಳಗಿಟ್ಟ.
'ಖರೇನಾ? ಯಾರು ನೋಡ್ಯಾರ್ರಿ?'

ನನಗೆ ಬಾಯಿಪಾಠ ಇದ್ದದ್ದು ಸಮುದ್ರ ಮಾತ್ರ.
ಅದು ಹೇಗೆ ಗೊತ್ತಾಯಿತು ಎಂಬ ಪುಟ
ಪರೀಕ್ಷೆಗೆ ಬರುವುದಿಲ್ಲವೆಂದು
ಹದಿನೇಳು ವರ್ಷ ಮಗುಚಿ ಹಾಕಿದ್ದೆ.
ವಾಡಿ ಕಡೆಗೆ ಗೂಡ್ಸ್ ಗಾಡಿಯೊಂದು ಹೊರಟಿತ್ತು.
ಅದರ ಡಬ್ಬಿ ಎಣಿಸುವವಳಂತೆ ಅತ್ತ ನೋಡಿದೆ.

ಮಾಪಮ್ಮ ಯಾವಾಗ ಬಂದಳೋ.
ಬೇಡವೆಂದ ಆ ಕಲ್ಲಿನ ಧೂಳನ್ನು
ಲಂಗದ ಅಂಚಿನಿಂದ ಒರೆಸಿದಳು.
ಸಣ್ಣ ಸಣ್ಣ ಏರಿಳಿತ, ಒಂದರ ಹಿಂದೊಂದು,
ಮುದುಕಿಯ ಹಣೆಯ ಹಾಗೆ.
'ಅಪ್ಪಾ, ಇಲ್ನೋಡು. ಕಾಗಿಣಾ ದಂಡಿಗಿ
ನೀರು ಸರದ ಮ್ಯಾಲ ಉಸುಕಿನಾಗ
ಹಿಂಗೇ ಗೆರಿ ಉಳೀತಾವ.'
ಬೆರಳು ಗೆರೆಯ ಮೇಲೇ ಇತ್ತು. ಸ್ವಲ್ಪ ತಡೆದಳು.
'ಸಮುದ್ರನೋ ಏನೋ ನಂಗೊತ್ತಿಲ್ಲ.
ನೀರಂತೂ ಇತ್ತು.'

ಶಭಾಷ್ ಎನ್ನಲು ನಾಲಿಗೆ ಎದ್ದಿತು,
ಪೂರ್ತಿ ಉತ್ತರ ನಾನೇ ಹೇಳಿಬಿಡಲು
ಹಲ್ಲಿನ ತನಕ ಬಂದಿತು.
ಹೌದು. ಕಠಿಣವೇ.

ಆ ಕಲ್ಲನ್ನೇ ಕೊಂಡೆ. ಮೋನಪ್ಪ ರೊಕ್ಕ ಕಡಿಮೆ ಹಿಡಿದ,
'ಆಮ್ಯಾಲ ಬಂದು ಜಗಳ ಮಾಡಬ್ಯಾಡ್ರಿ' ಎಂದ.
ಈಗ ಬಚ್ಚಲಲ್ಲಿ ಹೊಯ್ದ ನೀರು ನೆಟ್ಟಗೆ ಹರಿಯುವುದಿಲ್ಲ,
ಗೆರೆಗೆರೆಯಲ್ಲೂ ತುಸು ನಿಂತು ಯೋಚಿಸುತ್ತದೆ.
ಅತ್ತೆ ಬಯ್ಯುತ್ತಾರೆ.

ನಾಳೆ ಎಂಟನೆಯ ತರಗತಿಗೆ
ಹೊಸ ಪ್ರಶ್ನೆಪತ್ರಿಕೆ ಬರೆಯಬೇಕು.
ಹಾಳೆಯ ಮುಂದೆ ಕೂತು ಆಗಲೇ ಒಂದು ಗಂಟೆ.
ನನಗೆ ಉತ್ತರ ಗೊತ್ತಿರುವ ಪ್ರಶ್ನೆಗಳೇ
ಬರುತ್ತಿವೆ.